ಬೆಲ್ಲಕ್ಕೆ ಇಳಿಯದ ಧೂಳು

ಸೂಲಿಬೆಲೆ
೯ ಫೆಬ್ರುವರಿ ೨೦೨೫, ಭಾನುವಾರ

ನನ್ನ ಮುದ್ದು ನವ್ಯಾ,

ಹೇಗಿದ್ದೀಯೇ? ರಾಯಚೂರಿನಲ್ಲಿ ಆಗಲೇ ಬಿಸಿಲು ಶುರುವಾಯಿತಂತೆ. ಪಾಠ ಮಾಡಲು ಸ್ಕೂಲಿಗೆ ಹೋಗುವಾಗ ತಲೆಗೆ ಸೆರಗು ಹೊದ್ದುಕೋ, ಸ್ಟೈಲು ಮಾಡಬೇಡ. ಅಳಿಯಂದಿರು, ಮಗು ಚೆನ್ನಾಗಿದ್ದಾರಾ? ನಾನು ಇದ್ದೀನಿ. ಹೋದ ವಾರ ಎದೆಯಿಂದ ಮತ್ತೆ ನೀರು ತೆಗೆದರು, ಎರಡು ದಿನ ಹಗುರವಾಗಿತ್ತು, ಈಗ ಮತ್ತೆ ಅದೇ ಉಬ್ಬಸ. ಫೋನಿರುವಾಗ ಕಾಗದ ಯಾಕಮ್ಮ ಅಂತೀಯಾ. ನಿಮ್ಮಪ್ಪನಿಗೆ ಕಿವಿ ಮಂದ, ನಿನ್ನ ಫೋನು ಬಂದರೆ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಮೊನ್ನೆ ನೀನು "ಅಮ್ಮ, ಈ ಕಾಯಿಲೆ ಅಪ್ಪನ ಫ್ಯಾಕ್ಟರಿ ಬಟ್ಟೆಯಿಂದ ಬಂದಿದ್ದಾ?" ಅಂದಾಗ ನನ್ನ ಜೀವವೇ ಬಾಯಿಗೆ ಬಂತು. ಪುಣ್ಯಕ್ಕೆ ಅವರು ಆಗತಾನೇ ಹಸುವಿಗೆ ನೀರಿಡಲು ಎದ್ದಿದ್ದರು. ಅದಕ್ಕೇ ರಾಗಿ ಹಿಟ್ಟಿನ ಮಾತು ತೆಗೆದು ಫೋನು ಇಟ್ಟುಬಿಟ್ಟೆ, ಕೋಪ ಮಾಡಿಕೊಳ್ಳಬೇಡ.

ಹೌದು ಕಣೇ, ಅದರಿಂದಲೇ. ಡಾಕ್ಟರಮ್ಮ ನನ್ನ ಕೆಲಸ ಏನು ಅಂತ ಕೇಳಿದರು. ಮನೇಲೇ ಇರೋದು ತಾಯಿ, ಅಂದೆ. ಯಜಮಾನರದು? ಸಿಮೆಂಟ್ ಶೀಟ್ ಫ್ಯಾಕ್ಟರೀಲಿದ್ದರು, ಅಂದೆ. ಆಯಮ್ಮ ಬರೆಯುವುದು ನಿಲ್ಲಿಸಿ, "ಅವರ ಬಟ್ಟೆ ಯಾರು ಒಗೀತಿದ್ರು?" ಅಂದರು. ನಾನಲ್ಲದೆ ಇನ್ಯಾರು ಅಂತ ನಕ್ಕೆ. ಅವರು ನಗಲಿಲ್ಲ. ಶೀಟಿಗೆ ಹಾಕುವ ಕಲ್ನಾರು, ಅದೇ ಆಸ್ಬೆಸ್ಟಾಸಿನ ಧೂಳು, ಬಟ್ಟೆಗೆ ಅಂಟಿ ಮನೆಗೆ ಬರುತ್ತದಂತೆ, ಉಸಿರಿನ ಜೊತೆ ಒಳಗೆ ಹೋಗಿ ಮೂವತ್ತು ವರ್ಷ ಸುಮ್ಮನಿದ್ದು ಶ್ವಾಸಕೋಶದ ಪೊರೆಯಲ್ಲಿ ಕ್ಯಾನ್ಸರಾಗಿ ಏಳುತ್ತದಂತೆ. ವಾಸಿಯಾಗುವಂಥದ್ದಲ್ಲ ಅಂತಲೂ ಹೇಳಿದರು. ನಿಮ್ಮಪ್ಪ ಹೊರಗೆ ಔಷಧಿ ಅಂಗಡಿ ಮುಂದೆ ನಿಂತಿದ್ದರು. ಅವರಿಗೆ ಮಾತ್ರ ಹೇಳಬೇಡಿ ತಾಯಿ ಅಂತ ಕೈ ಮುಗಿದೆ.

ನಿಮ್ಮಪ್ಪ ಇದು ಒಲೆ ಹೊಗೆಯಿಂದ ಬಂತು ಅಂದುಕೊಂಡಿದ್ದಾರೆ. ಹಿತ್ತಲ ನೀರೊಲೆಯನ್ನು ಒಡೆದೇ ಹಾಕಿದರು! ಈಗ ಸ್ನಾನದ ನೀರೂ ಗ್ಯಾಸಿನ ಮೇಲೆ. ಇನ್ನೊಂದು ಕೇಳು. ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆ ಅಂತ ಫ್ಯಾಕ್ಟರಿಯವರೆಲ್ಲ ನಂಬಿದ್ದರು. ನಾನೂ ದಿನಾ ಒಂದು ತುಂಡು ಬೆಲ್ಲ ಅವರ ಕೈಗಿಟ್ಟು, ಬಿಚ್ಚಿಕೊಟ್ಟ ಬಟ್ಟೆ ಒಯ್ದು ಕಲ್ಲಿಗೆ ಬಡಿಯುತ್ತಿದ್ದೆ. ಈಗ ಅವರು ಸಂತೆಯಿಂದ ಅಚ್ಚುಬೆಲ್ಲ ತಂದು, ಒಡೆದು, ಸಂಜೆಯಾದರೆ ನನ್ನ ಬಾಯಿಗಿಡುತ್ತಾರೆ. "ತಿನ್ನೇ, ಹೊಗೇನೂ ಎಳ್ಕೊಂಡು ಹೋಗ್ತದೆ. ನಂಗೆ ದಿನಾ ಕೊಟ್ಟೆ, ನೀನೊಂದು ಚೂರೂ ತಿನ್ನಲಿಲ್ಲವಲ್ಲೇ" ಅಂತ ಕಣ್ಣೊರೆಸಿಕೊಳ್ಳುತ್ತಾರೆ. ನುಂಗಲು ಕಷ್ಟ, ಆದರೂ ತಿನ್ನುತ್ತೇನೆ. ಆ ಮನುಷ್ಯ ನಮ್ಮ ಹೊಟ್ಟೆಗಾಗಿ ತಾನೇ ಆ ಧೂಳಿನಲ್ಲಿ ನಿಂತದ್ದು? ತನ್ನ ಬಟ್ಟೆಯಿಂದ ಹೆಂಡತಿ ಹೋದಳು ಅಂತ ತಿಳಿದರೆ ಬದುಕುವುದಿಲ್ಲ. ನಾನಿರುವಾಗಲೂ, ಇಲ್ಲವಾದಾಗಲೂ ನಿನ್ನ ಬಾಯಿಂದ ಈ ಮಾತು ಬರಬಾರದು. ಹೊಗೆ ಅಂತಲೇ ಇರಲಿ. ನನಗೂ ಸಾಯಲು ಭಯವಾಗುತ್ತದೆ ಕಣೇ, ಸುಳ್ಳು ಹೇಳುವುದಿಲ್ಲ. ಆದರೆ ಅವರ ಮೇಲೆ ಒಂದು ಸಾಸಿವೆಯಷ್ಟೂ ಸಿಟ್ಟಿಲ್ಲ.

ಯುಗಾದಿಗೆ ಬರುವಾಗ ಅಳುಮುಖ ಹೊತ್ತು ಬರಬೇಡ, ಒಬ್ಬಟ್ಟು ನೀನೇ ತಟ್ಟಬೇಕು. ಮಗುವಿಗೆ ಅಜ್ಜಿಯ ಮುತ್ತು, ಅಳಿಯಂದಿರಿಗೆ ಆಶೀರ್ವಾದ. ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅಮ್ಮ
ಮುನಿತಾಯಮ್ಮ

ಇದೊಂದು ಬರೆಯಲು ಕೈ ಬರಲಿಲ್ಲ, ಈಗ ಪಕ್ಕದ ಮನೆ ಅಂಜಿನಮ್ಮ ಪೋಸ್ಟಿಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾಳೆ. ಒಗೆಯುವ ಮುಂಚೆ ಅಪ್ಪನ ಅಂಗಿ ಕೊಡವುವುದು ಚಿಕ್ಕವಳಿದ್ದಾಗ ನಿನಗೊಂದು ಆಟವಾಗಿತ್ತು. ಬಿಳಿ ಧೂಳು ಎದ್ದರೆ "ಮಂಜು ಬಂತು, ಮಂಜು ಬಂತು" ಅಂತ ಕುಣಿಯುತ್ತಿದ್ದೆ. ಡಾಕ್ಟರಮ್ಮನಿಗೆ ಅದನ್ನೂ ಹೇಳಿದೆ. ಎಲ್ಲರಿಗೂ ಬರುವುದಿಲ್ಲ, ಆದರೂ ಮಗಳು ಎದೆಯ ಪರೀಕ್ಷೆ ಮಾಡಿಸಿಕೊಳ್ಳಲಿ, ಅಂದರು. ಈ ಕಾಗದ ಸಿಕ್ಕ ಮಾರನೇ ದಿನವೇ ರಜೆ ಹಾಕಿ ಹೋಗು. ನಿನಗೇನೂ ಇಲ್ಲ ಅಂತ ತಿಳಿಯುವವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.