ಬಿಸಿಲು ಬಂದ ದಿನದ ಸಭೆ

ಸೆಪ್ಟೆಂಬರ್ ೨೧, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆಂದು ಸಿಟ್ಟು ಬಂದಿರುತ್ತದೆ. ಬರಲಿ. ಬೈಯುವಷ್ಟು ಬೈದು ಮುಗಿಸಿ ಆಮೇಲೆ ಮುಂದಕ್ಕೆ ಓದು. ನಿನ್ನ ಮಂಡಿನೋವು ಹೇಗಿದೆ? ಭಾವನವರಿಗೆ ಹಗಲು ಪಾಳಿ ಸಿಕ್ಕಿತಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ನಮ್ಮ ಮನೆ ನಿನಗೆ ಗೊತ್ತಲ್ಲ, ಈ ಕೋಣೆಯಲ್ಲಿ ಕೆಮ್ಮಿದರೆ ಆ ಕೋಣೆಯಿಂದ ನೀರು ತಂದುಕೊಡುತ್ತಾರೆ. ಈಗ ಹೇಳಬೇಕಾದ ಮಾತು ಅಪ್ಪನ ಕಿವಿಗೆ ಬೀಳಬಾರದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಬಯಲು ಹೋಯಿತು ಅಕ್ಕ. ನೀನೂ ನಾನೂ ನಡೆಯಲು ಕಲಿತ ಬಯಲು, ಇಡೀ ಓಣಿ ಒಗೆದ ಬಟ್ಟೆ ಹರವುವ ಬಯಲು. ಅಲ್ಲಿ ಫುಟ್‌ಬಾಲ್ ಸ್ಟೇಡಿಯಂ ಏಳುತ್ತದೆ. ನಮ್ಮ ಓಣಿ ಇರುವ ಜಾಗದಲ್ಲಿ ಹತ್ತು ಮಹಡಿಯ ಫ್ಲಾಟುಗಳು. ನಗರಸಭೆ ಒಪ್ಪಿಗೆ ಕೊಟ್ಟಾಯಿತು.

ಬಯಲಿನ ಮೂಲೆಯಲ್ಲಿ ಕಂಪನಿಯವರು ದೊಡ್ಡ ಚಿತ್ರದ ಹಲಗೆ ನೆಟ್ಟಿದ್ದಾರೆಂದು ಹಿಂದೆ ಬರೆದಿದ್ದೆ. ಆ ಚಿತ್ರದಲ್ಲಿ ಮರಗಳಿವೆ, ಬಲೂನು ಹಿಡಿದ ಮಕ್ಕಳಿದ್ದಾರೆ, ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುವ ಹೆಂಗಸಿದ್ದಾಳೆ. ಎಲ್ಲೂ ಒಂದು ಒದ್ದೆ ಬಟ್ಟೆ ಇಲ್ಲ. "ಈ ಚಿತ್ರದಲ್ಲಿರೋ ಜನ ಬಟ್ಟೆ ಒಗೆಯೋದೇ ಇಲ್ವಾ, ಒಂದ್ಸಲ ಉಟ್ಟು ಬಿಸಾಕ್ತಾರಾ?" ಎಂದು ಗಂಜಿ ಚಿಕ್ಕಮ್ಮ ಕೇಳಿದಳು. ಅವಳು ಈಗಲೂ ಹಾಗೇ ಇದ್ದಾಳೆ, ಅವಳು ಗಂಜಿ ಹಾಕಿದ ಹೋಟೆಲಿನ ಮೇಜುಬಟ್ಟೆ ಈಗಲೂ ತಾನಾಗಿಯೇ ಎದ್ದು ನಿಲ್ಲುತ್ತದೆ. ಹಾಗೇ ಇದ್ದಾಳೆ ಎಂದೆ, ಮೊನ್ನೆಯ ತನಕ ಹಾಗೇ ಇದ್ದಳು ಅನ್ನಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಕಂಪನಿಯ ಕಡೆಯಿಂದ ಒಬ್ಬ ಬರುತ್ತಿದ್ದ. ಸಾವಿನ ಮನೆಗೆ ಹೋದರೂ ನಗುವಂಥ ಮುಖ. ಓಣಿಯವರು ಅವನಿಗೆ ಹಲ್ಲು ಸಾಹೇಬ ಎಂದು ಹೆಸರಿಟ್ಟರು. ಮನೆ ಮನೆಗೂ ಬಂದು "ನಿಮಗೂ ಇದರಲ್ಲೇ ಫ್ಲಾಟು ಸಿಗುತ್ತೆ, ಲಿಫ್ಟ್ ಇರುತ್ತೆ, ಇಪ್ಪತ್ನಾಲ್ಕು ಗಂಟೆ ಬಿಸಿನೀರು" ಎಂದ. ನಮ್ಮ ಓಣಿಯ ಶಾಲೆ ಮೇಷ್ಟ್ರು ಅವನ ಕೈಯಲ್ಲಿದ್ದ ಪುಸ್ತಿಕೆ ಇಸಿದುಕೊಂಡು ನಿಯಮಗಳನ್ನು ಗಟ್ಟಿಯಾಗಿ ಓದಿದರು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲವಂತೆ. ನೋಡುವವರ ಕಣ್ಣಿಗೆ ಚೆನ್ನಾಗಿರುವುದಿಲ್ಲವಂತೆ. ಆ ದಿನ ಓಣಿಯಲ್ಲಿ ಎದ್ದ ನಗು ಕೇಳಬೇಕಿತ್ತು ನೀನು. ನಗು ನಿಂತ ಮೇಲೆ ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಮಗೆ ಫುಟ್‌ಬಾಲ್ ಮೇಲೆ ಹಗೆಯೇನೂ ಇಲ್ಲ. ಹಗ್ಗಗಳ ನಡುವೆ ಚೆಂಡು ಒದ್ದುಕೊಂಡೇ ಓಣಿಯ ಮಕ್ಕಳು ಬೆಳೆದದ್ದು. ನಾವು ಒಗೆದು ಹರವಿದ ಆಸ್ಪತ್ರೆಯ ಚಾದರಕ್ಕೆ ಕೆಸರಿನ ಚೆಂಡು ಬಿದ್ದಾಗ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುವ ಚಿಕ್ಕಮ್ಮನೇ ಸಂಜೆ "ಏನ್ರೋ, ನಮ್ಮೂರ ಟೀಮು ಗೆದ್ದಿತಾ?" ಎಂದು ಕೇಳುತ್ತಿದ್ದಳು. ಸ್ಟೇಡಿಯಂ ಬೇಡ ಅನ್ನಲಿಲ್ಲ, ಬಯಲು ಬಿಟ್ಟು ಬೇರೆಲ್ಲಾದರೂ ಕಟ್ಟಿ ಅಂದೆವು. ಆಕ್ಷೇಪಣೆಯನ್ನು ಮೇಷ್ಟ್ರೇ ಬರೆದುಕೊಟ್ಟರು, ಎಲ್ಲರೂ ಸಹಿ ಹಾಕಿದೆವು. ಆಗ ಮೇಷ್ಟ್ರು ಒಂದು ಮಾತು ಹೇಳಿದರು: "ಸಹಿ ಎಷ್ಟಾದ್ರೂ ಹಾಕಿ. ವಿಚಾರಣೆ ದಿನ ಎದುರಿಗೆ ಬಂದು ಬಾಯಿಬಿಟ್ಟು ಹೇಳಿದವರದ್ದಷ್ಟೇ ಲೆಕ್ಕಕ್ಕೆ ಬರೋದು." ಓಣಿಯ ಪರವಾಗಿ ಮೊದಲು ಮಾತಾಡಲು ನನ್ನನ್ನೇ ಆರಿಸಿದರು. ನನ್ನ ನಾಲಿಗೆಯ ವಿಷಯ ನಿನಗೆ ಹೇಳಿಕೊಡಬೇಕಾಗಿಲ್ಲ.

ವಿಚಾರಣೆಗೆ ಮೊದಲ ಸಲ ಕರೆದಾಗ ಜೋರು ಮಳೆ. ಆದರೂ ಓಣಿಗೆ ಓಣಿಯೇ ಹೋಯಿತು. ನಗರಸಭೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ನಮ್ಮ ಕೊಡೆಗಳಿಂದ ಸೋರಿದ ನೀರು ಬಾಗಿಲ ತನಕ ಹರಿಯಿತು. ಹಲ್ಲು ಸಾಹೇಬ ಒಳಗೆ ಇಣುಕಿ ನೋಡಿ ಹೋದ. ಸ್ವಲ್ಪ ಹೊತ್ತಿಗೆ ಅಧಿಕಾರಿಗೆ ಹುಷಾರಿಲ್ಲ, ಮುಂದಕ್ಕೆ ಹಾಕಿದ್ದೇವೆ ಅಂದರು. ಎರಡನೆಯ ಸಲವೂ ಮೋಡ ಕವಿದಿತ್ತು, ಆಗಲೂ ಹಾಲ್ ತುಂಬಿತ್ತು. ಆಗ ನಕ್ಷೆ ಸಿದ್ಧವಿಲ್ಲ ಅಂದರು. ನಮಗೆ ಖುಷಿಯೋ ಖುಷಿ. ನಮ್ಮನ್ನು ಕಂಡು ಹೆದರಿದ್ದಾರೆ ಅಂದುಕೊಂಡೆವು.

ಆಮೇಲೆ ಸೂರ್ಯ ಕಾಣಲೇ ಇಲ್ಲ ಅಕ್ಕ. ವಾರಗಟ್ಟಲೆ ಜಿಟಿಜಿಟಿ. ನಿನಗೆ ಆ ವಾಸನೆ ನೆನಪಿದೆಯಾ, ಒಣಗದ ಬಟ್ಟೆಯ ಹುಳಿ ವಾಸನೆ? ಅಡುಗೆಮನೆಯಲ್ಲಿ ಹಗ್ಗ, ಮಂಚದ ಮೇಲೆ ಹಗ್ಗ. ನನ್ನ ಮಗಳು ತೊಟ್ಟಿಕ್ಕುವ ಚಾದರಗಳ ಕೆಳಗೆ ಪುಸ್ತಕ ಬಿಡಿಸಲಾರದೆ, ಶಾಲೆ ಬಿಟ್ಟು ನನ್ನ ಜೊತೆ ಒಗೆಯುವ ತೊಟ್ಟಿಯ ಮುಂದೆ ನಿಂತಳು. ಸ್ವಲ್ಪ ದಿನ ಅಷ್ಟೇ ಅಂದೆ. ಆಸ್ಪತ್ರೆಯ ಮೇಲ್ವಿಚಾರಕಿ ಬಂದು, "ನೋಡ್ರಮ್ಮ, ಹೀಗೇ ಆದ್ರೆ ಮೆಷಿನ್ ಲಾಂಡ್ರಿಗೆ ಕೊಡಬೇಕಾಗುತ್ತೆ. ರೋಗಿಗಳನ್ನ ಬರೀ ಹಾಸಿಗೆ ಮೇಲೆ ಮಲಗಿಸೋಕಾಗಲ್ಲ" ಎಂದು ಎಚ್ಚರಿಸಿ ಹೋದಳು. ಅವಳ ತಪ್ಪೇನೂ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ, ನಾಳೆಯೇ ವಿಚಾರಣೆ ಎಂದು ಓಣಿಯ ಬಾಯಲ್ಲಿ ಚೀಟಿ ಅಂಟಿಸಿ ಹೋದರು. ಮರುದಿನ ಬೆಳಗ್ಗೆ ಕಣ್ಣು ಬಿಟ್ಟರೆ, ಬಿಸಿಲು.

ಎಂಥ ಬಿಸಿಲು ಅಕ್ಕ! ಗೋಡೆಯಿಂದ ಹಬೆ ಏಳುತ್ತಿತ್ತು. ಓಣಿಯವರೆಲ್ಲ ಹುಚ್ಚು ಹಿಡಿದವರ ಹಾಗೆ ಬಯಲಿಗೆ ಓಡಿದರು. ಇಷ್ಟು ದಿನದ ಒದ್ದೆ ರಾಶಿ ಎಲ್ಲ ಹೊರಗೆ ಬಂತು. ಹಗ್ಗ ಸಾಲದೆ ಕಲ್ಲಿನ ಮೇಲೆ, ಹುಲ್ಲಿನ ಮೇಲೆ, ಆ ಚಿತ್ರದ ಹಲಗೆಯ ಮೇಲೂ ಹರವಿದರು. ಒಬ್ಬರನ್ನೊಬ್ಬರು ಕೂಗಿ ಕರೆದು ನಗುತ್ತಿದ್ದರು. "ನೀವು ಮುಂದೆ ನಡೀರಿ, ಇದೊಂದು ಸಾಲು ಹಾಕಿ ಬಂದೆ" ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಉಳಿದವರು ಹೋಗಿರುತ್ತಾರೆ, ನಾನೊಬ್ಬ ಹೋಗದಿದ್ದರೆ ಏನಾಗುತ್ತದೆ ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಬೇರೆ ಯಾವ ಕೆಲಸದವರೂ ಈ ತಪ್ಪು ಮಾಡುತ್ತಿರಲಿಲ್ಲ. ಬಿಸಿಲು ಬಿದ್ದಾಗ ಒದ್ದೆ ಬಟ್ಟೆ ಬಿಟ್ಟು ಹೋಗಲು ನಮ್ಮ ಕಾಲು ಏಳುವುದೇ ಇಲ್ಲ. ನನ್ನ ಕಾಲೂ ಎದ್ದದ್ದು ತಡವಾಗಿ.

ನಾನೂ ಚಿಕ್ಕಮ್ಮನೂ ಮೇಷ್ಟ್ರೂ ಏದುಸಿರು ಬಿಡುತ್ತ ನಗರಸಭೆಗೆ ಹೋದಾಗ ಖಾಲಿ ಕುರ್ಚಿಗಳು ನಮ್ಮನ್ನು ನೋಡುತ್ತಿದ್ದವು. ಮುಂದಿನ ಸಾಲುಗಳಲ್ಲಿ ಮಾತ್ರ ಕಂಪನಿಯವರು ಬಸ್ಸಿನಲ್ಲಿ ಕರೆತಂದ ಹುಡುಗರು, ಎಲ್ಲರ ಮೈಮೇಲೂ ಟೀಮಿನ ಹೊಸ ಅಂಗಿ. ಅಧಿಕಾರಿ ಒಳ್ಳೆಯವರೇ, ನನಗೆ ಪೂರ್ತಿ ಮಾತಾಡಲು ಬಿಟ್ಟರು. ಮುಗಿದ ಮೇಲೆ ಕನ್ನಡಕ ತೆಗೆದು ಕೇಳಿದರು.

"ನಿಮ್ಮ ಓಣಿಯ ಉಳಿದವರೆಲ್ಲಿ?"

"ಬಿಸಿಲು ಬಂದಿದೆ ಸ್ವಾಮಿ" ಅಂದೆ.

ಹುಡುಗರೆಲ್ಲ ಘೊಳ್ಳೆಂದು ನಕ್ಕರು. ಅಧಿಕಾರಿ ನಗಲಿಲ್ಲ. "ಮನೆಗಿಂತ ಬಿಸಿಲು ಹೆಚ್ಚಾಯ್ತೇನಮ್ಮ?" ಅಂದರು. ಸ್ಥಳೀಯರಿಂದ ಹೇಳಿಕೊಳ್ಳುವಂಥ ವಿರೋಧ ಬಂದಿಲ್ಲ ಎಂದು ಬರೆಸಿಕೊಂಡರು.

ಮೆಟ್ಟಿಲಿಳಿಯುವಾಗ ಹಲ್ಲು ಸಾಹೇಬ ಪಕ್ಕಕ್ಕೆ ಬಂದ. "ಬೇಜಾರು ಮಾಡ್ಕೋಬೇಡಮ್ಮ. ಹವಾಮಾನ ನೋಡ್ಕೊಂಡು ಬಿಸಿಲು ಬೀಳೋ ದಿನ ವಿಚಾರಣೆ ಇಡಿ, ಒಬ್ಬರೂ ಬರಲ್ಲ ಅಂತ ನಿಮ್ಮವರೇ ಹೇಳಿದ್ರು" ಎಂದು ಕಾರು ಹತ್ತಿದ. ನನಗೆ ಮೈಯೆಲ್ಲ ಉರಿದುಹೋಯಿತು. ಬಯಲಿಗೆ ಬಂದವಳೇ, ಒಣಗಿದ ಬಟ್ಟೆ ಮಡಚುತ್ತಿದ್ದವರ ನಡುವೆ ನಿಂತು ಆ ಮಾತನ್ನು ಕಿರುಚಿ ಹೇಳಿಬಿಟ್ಟೆ. ಹೇಳಬಾರದಿತ್ತು.

ಅಂದಿನಿಂದ ಓಣಿಯಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿಲ್ಲ. ಯಾರು ಹೇಳಿರಬಹುದು? ಓಣಿಯ ಬಾಯಲ್ಲಿ ಇಸ್ತ್ರಿ ಅಂಗಡಿ ಇಟ್ಟವನ ಮೇಲೆ ಎಲ್ಲರ ಕಣ್ಣು ಬಿತ್ತು. ನೀನು ಅವನನ್ನು ನೋಡಿಲ್ಲ, ಬೇರೆ ಊರಿನಿಂದ ಬಂದವನು. ಅಂಗಡಿಯಲ್ಲಿ ಟೀಮಿನ ಫೋಟೋ ಹಾಕಿಕೊಂಡಿದ್ದ, ಹಲ್ಲು ಸಾಹೇಬನ ಅಂಗಿಗಳಿಗೆ ಇಸ್ತ್ರಿ ಮಾಡಿಕೊಡುತ್ತಿದ್ದ. ಅಷ್ಟೇ ಸಾಕಾಯಿತು. ಹೋದ ವಾರ ನಮ್ಮವರೇ ಹೋಗಿ ಅಂಗಡಿ ಒಡೆದರು. ತಡೆಯಲು ಬಂದವನ ಬಲಗೈ ಮುರಿದರು. "ನಾನೇನು ಮಾಡಿದೀನಿ ಹೇಳ್ರಪ್ಪ" ಎಂದು ಅವನು ಕೂಗುತ್ತಿದ್ದದ್ದು ನಮ್ಮ ಮನೆಯ ತನಕ ಕೇಳಿಸಿತು. ಈಗ ಆಸ್ಪತ್ರೆಯಲ್ಲಿದ್ದಾನೆ. ಅವನು ಮಲಗಿರುವ ಚಾದರ ನಾವು ಒಗೆದದ್ದೇ ಇರಬೇಕು. ಅವನ ಹೆಂಡತಿ ಕೈಕೂಸು ಎತ್ತಿಕೊಂಡು ಒಡೆದ ಅಂಗಡಿಯ ಮುಂದೆ ಕೂತಿರುತ್ತಾಳೆ, ಓಣಿಯವರು ಯಾರೂ ಅವಳಿಗೆ ನೀರು ಕೊಡುವುದಿಲ್ಲ.

ಗಂಜಿ ಚಿಕ್ಕಮ್ಮ ಹಾಸಿಗೆ ಹಿಡಿದಿದ್ದಾಳೆ. ಕಾಯಿಲೆ ಏನೂ ಇಲ್ಲವಂತೆ, ಡಾಕ್ಟರು ನೋಡಿ ಹೋದರು. ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. "ಚಿಕ್ಕಮ್ಮ, ಹೋಟೆಲಿನವರು ಮೇಜುಬಟ್ಟೆ ಕೇಳ್ತಿದಾರೆ" ಅಂದರೆ "ಹಾಗೇ ಮುದ್ದೆ ಮಾಡಿ ಕೊಡು" ಅನ್ನುತ್ತಾಳೆ. ಅವಳ ಬಾಯಲ್ಲಿ ಇಂಥ ಮಾತು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಬಯಲಿನ ಆ ತುದಿಯಿಂದ ತಗಡಿನ ಬೇಲಿ ಹಾಕುತ್ತ ಬರುತ್ತಿದ್ದಾರೆ, ದಿನಕ್ಕೊಂದು ಮನೆಯ ಹಗ್ಗ ಬಿಚ್ಚಬೇಕಾಗಿ ಬರುತ್ತಿದೆ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಅಪ್ಪನನ್ನು ನಿನ್ನ ಮನೆಗೆ ಕರೆಸಿಕೋ. ಈ ಶೀತದಲ್ಲಿ ಎದೆಯ ಕಫ ಜಾಸ್ತಿಯಾಗಿದೆ, ಊಟವೂ ಸರಿಯಾಗಿ ಸೇರುತ್ತಿಲ್ಲ. ನಾನು ಹೇಳಿದರೆ ಕೇಳುವುದಿಲ್ಲ. "ದೊಡ್ಡ ಮಗಳು ಕರೆದಿದ್ದಾಳೆ" ಅಂದರೆ ಹೊರಡುತ್ತಾನೆ. ಭಾವನವರಿಗೆ ಕಷ್ಟವಾಗುತ್ತದೆ, ನಿನ್ನ ಮನೆಯೂ ಚಿಕ್ಕದು, ಎಲ್ಲ ಗೊತ್ತು. ಆದರೂ ಆಗುವುದಿಲ್ಲ ಅನ್ನಬೇಡ. ಕಾಗದ ಸೇರಿದ ದಿನವೇ ಫೋನ್ ಮಾಡಿ ಅವನನ್ನೇ ಕರೆದು ಮಾತಾಡು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಈ ಚಿಕ್ಕಮ್ಮನ ಆಶೀರ್ವಾದ. ಓದಿ ಮುಂದೆ ಬರಲಿ, ಬೆಚ್ಚಗಿರಲಿ. ನಿನ್ನ ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ಇತಿ ನಿನ್ನ ಪ್ರೀತಿಯ
ತಂಗಿ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಕಫ ಇರುವುದು ಸುಳ್ಳಲ್ಲ, ಆದರೆ ಕಳಿಸುತ್ತಿರುವುದು ಅದಕ್ಕಲ್ಲ. ಹಲ್ಲು ಸಾಹೇಬನಿಗೆ ಹೇಳಿದ್ದು ಅಪ್ಪ.

ಇಸ್ತ್ರಿಯವನ ಕೈ ಮುರಿದ ಮರುದಿನ ನಾವಿಬ್ಬರೂ ಒಂದು ಚಾದರದ ಎರಡು ತುದಿ ಹಿಡಿದು ಹಿಂಡುತ್ತಿದ್ದೆವು. ಅಪ್ಪ ಹಿಂಡುವುದನ್ನು ನಿಲ್ಲಿಸಿ "ಅವನಲ್ಲ ಕಣೇ" ಅಂದ. ಮತ್ತೆ ಯಾರು ಅಂದೆ. "ನಾನು." ಚಾದರ ನನ್ನ ಕೈಯಿಂದ ಕೆಸರಿಗೆ ಬಿತ್ತು. ದುಡ್ಡು ಕೊಟ್ಟರಾ ಅಂತ ಕೇಳಿದೆ, ಅಪ್ಪನನ್ನೇ ಕೇಳಿದೆ ಅಕ್ಕ. "ಯಾರೂ ಏನೂ ಕೊಟ್ಟಿಲ್ಲ, ನಾನೇ ಹೋಗಿ ಹೇಳಿದೆ. ನಿನ್ನ ಮಗಳು ಶಾಲೆ ಬಿಟ್ಟು ತೊಟ್ಟಿ ಮುಂದೆ ನಿಂತಿದ್ಲು. ನಿಮ್ಮಮ್ಮ ನಿಲ್ತಿದ್ದ ಜಾಗ, ಅದೇ ಥರ ಸೊಂಟ ಹಿಡ್ಕೊಂಡು. ಈ ಬಯಲು ಇರೋ ತನಕ ನಮ್ಮ ಮನೆಯವಳು ಒಬ್ಬಳು ಅಲ್ಲಿ ನಿಂತೇ ಇರ್ತಾಳೆ. ಬಯಲು ಹೋದ್ರೆ ಮಗು ಶಾಲೆಗೆ ಹೋಗುತ್ತೆ ಅಂದ್ಕೊಂಡೆ" ಅಂದ. ಒಂದು ಗಳಿಗೆ ನನಗೂ ಅವನು ಹೇಳಿದ್ದು ಸರಿ ಅನ್ನಿಸಿತು. ಅದನ್ನು ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಅವನ ಮೇಲೆ ಸಿಟ್ಟು ಮಾಡಲೂ ಆಗುತ್ತಿಲ್ಲ, ಎದುರು ಕೂತು ಉಣ್ಣಲೂ ಆಗುತ್ತಿಲ್ಲ.

ಅಪ್ಪ ಬಸ್ಸು ಹತ್ತಿದ ದಿನವೇ ನಾನು ಗಂಜಿ ಚಿಕ್ಕಮ್ಮನ ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ. ಇಸ್ತ್ರಿಯವನ ಹೆಂಡತಿಯ ಮುಖ ನೋಡಿಕೊಂಡು ಇನ್ನು ಸುಮ್ಮನಿರಲಾರೆ. ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಹೇಳಿದ ಮೇಲೆ ಅಪ್ಪ ಇನ್ನು ಈ ಓಣಿಗೆ ಕಾಲಿಡುವಂತಿಲ್ಲ, ಸತ್ತರೂ ಇಲ್ಲಿ ಅವನನ್ನು ಹೊರಲು ಯಾರೂ ಬರುವುದಿಲ್ಲ. ಇದು ಅವನಿಗೆ ಗೊತ್ತಿಲ್ಲ. "ಅಕ್ಕ ಕರೀಬಹುದು, ನಾಲ್ಕು ದಿನ ಹೋಗಿ ಬಾ" ಅಂದಿದ್ದೇನೆ. ಟ್ರಂಕಿನಲ್ಲಿ ಅವನ ಬಟ್ಟೆಯನ್ನೆಲ್ಲ ತುಂಬಿಟ್ಟಿದ್ದೆ. ಅಷ್ಟೊಂದು ಯಾಕೆ, ನಾಲ್ಕು ದಿನಕ್ಕೆ ಎರಡು ಜೊತೆ ಸಾಕು ಎಂದು ಉಳಿದದ್ದನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿ ಇಡುತ್ತಿದ್ದಾನೆ.