ಮೂವತ್ತೈದರ ಒಳಗೆ

ಶಕ್ತಿನಗರ, ಮಂಗಳೂರು
೧೪ ಜೂನ್ ೨೦೨೪

ಪ್ರೀತಿಯ ಗಿರಿಜಕ್ಕನಿಗೆ,

ಭಾರ್ಗವಿಯ ನಮಸ್ಕಾರಗಳು. ಕೂಳೂರು ಸೇತುವೆ ದಾಟಿದರೆ ಸುರತ್ಕಲ್ಲಿನ ನಿನ್ನ ಮನೆ. ಅಷ್ಟು ಹತ್ತಿರವಿದ್ದೂ ಒಂದು ವಾರದಿಂದ ಬರಲಿಲ್ಲ, ನಿನ್ನ ಫೋನೂ ಎತ್ತಲಿಲ್ಲ. ಬೇಸರಿಸಬೇಡ. ಎದುರು ಕುಳಿತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಮಗ ಸುಘೋಷನ ಜ್ವರ ಬಿಟ್ಟಿತು. ಭಾವ ಕಳಿಸಿದ ದೇವಸ್ಥಾನದ ಪ್ರಸಾದ ತಲುಪಿತು. ನಾನು ಮಾತ್ರ ಲ್ಯಾಬಿನಲ್ಲಿ ಪ್ರತಿ ವರದಿಯನ್ನೂ ಎರಡೆರಡು ಸಲ ಓದುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿ ಈಗ ಬಂತು ಬುದ್ಧಿ.

ನಿನ್ನ ಅಂಡಾಶಯದ ಆಪರೇಷನ್, ಕೀಮೋ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ಸಿಎ ೧೨೫ ಪರೀಕ್ಷೆ ಮಾಡಿಸಿ ತೋರಿಸಲು ಡಾಕ್ಟರು ಹೇಳಿದ್ದರು. ಗಡ್ಡೆ ಮರಳಿದರೆ ರಕ್ತದಲ್ಲಿ ಹೆಚ್ಚುವ ಪ್ರೋಟೀನು ಅದು, ಮೂವತ್ತೈದರವರೆಗೆ ಸಹಜವೆಂದು ಲೆಕ್ಕ. ತಂಗಿಯೇ ಲ್ಯಾಬಿನವಳು, ಅಕ್ಕ ಆಸ್ಪತ್ರೆಯಲ್ಲಿ ಯಾಕೆ ಕಾಯಬೇಕು ಎಂದು ನಾನೇ ಮನೆಗೆ ಬಂದು ರಕ್ತ ತೆಗೆದೆ, ನಾನೇ ಫಲಿತಾಂಶ ಹೇಳಿದೆ. ಒಂಬತ್ತು, ಹದಿನೇಳು, ಇಪ್ಪತ್ತೆಂಟು. "ಮೂವತ್ತೈದರ ಒಳಗೆ ಉಂಟಲ್ಲ ಅಕ್ಕ, ಡಾಕ್ಟರತ್ರ ಎಂತಕ್ಕೆ ಹೋಗುವುದು?" ಎಂದವಳೂ ನಾನೇ. ನೀನು ನಂಬಿದೆ.

ಹೊಟ್ಟೆ ಊದಿಕೊಂಡ ಮೇಲೆ ಹೋದೆವು. ನಿನ್ನನ್ನು ಸ್ಕ್ಯಾನಿಗೆ ಕರೆದೊಯ್ದಾಗ ಡಾ. ಬೆನಿಟಾ ಹಳೆಯ ವರದಿಗಳನ್ನು ಕೇಳಿ ನೋಡಿದರು. ಬೈಯಲಿಲ್ಲ. "ನೀವು ಮಿತಿ ನೋಡಿದ್ದೀರಿ, ಏರುವುದನ್ನು ನೋಡಲಿಲ್ಲ. ಒಂಬತ್ತು ಇದ್ದವರಿಗೆ ಹದಿನೇಳು ಬಂದಾಗಲೇ ನನಗೆ ತೋರಿಸ್ಬೇಕಿತ್ತು" ಎಂದರು. ಮೊದಲೇ ತೋರಿಸಿದ್ದರೆ ಅಕ್ಕನ ಆಯುಷ್ಯ ಹೆಚ್ಚುತ್ತಿತ್ತೇ ಎಂದು ಕೇಳಿದೆ. ಅದನ್ನು ಯಾರೂ ಖಚಿತವಾಗಿ ಹೇಳಲಾರರು, ಆದರೆ ಮುಂದೇನು ಎಂದು ಯೋಚಿಸಲು ನಿನಗೆ ಸಮಯವಾದರೂ ಸಿಗುತ್ತಿತ್ತು ಎಂದರು. ನಿನ್ನ ಆ ಸಮಯವನ್ನು ನಾನು ಕಸಿದುಕೊಂಡೆ ಅಕ್ಕಾ.

ಸೋಮವಾರ ಮತ್ತೆ ಕೀಮೋ ಶುರು. ರಜೆ ಹಾಕಿದ್ದೇನೆ. ಜೊತೆಗೆ ಬರಲೋ ಬೇಡವೋ, ಇದನ್ನು ಓದಿ ನೀನೇ ಹೇಳು. ಕಟೀಲಮ್ಮ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಭಾರ್ಗವಿ

ವಿ.ಸೂ.: ಮೇಲೆ ಇಪ್ಪತ್ತೆಂಟು ಎಂದು ಬರೆದೆ. ಅದು ಸುಳ್ಳು. ಮೂರನೆಯ ವರದಿಯಲ್ಲಿ ಇದ್ದದ್ದು ನಲವತ್ತೆಂಟು. ಅದನ್ನು ಹೇಳಲೆಂದೇ ಆ ಸಂಜೆ ನಿನ್ನ ಮನೆಗೆ ಬಂದಿದ್ದೆ. ಮತ್ತೆ ಬೆಳೆದ ಗಿಡ್ಡ ಕೂದಲಿಗೆ ಕ್ಲಿಪ್ ಹಾಕಿ, ಮಲ್ಲಿಗೆ ಸಿಕ್ಕಿಸಿಕೊಂಡು ನೀನು ಬಾಗಿಲು ತೆರೆದೆ. "ನೋಡು ಮಾರಾಯ್ತಿ, ಇವತ್ತು ಹೂ ನಿಂತಿತು" ಎಂದೆ. ನನ್ನ ಬಾಯಲ್ಲಿ ಇಪ್ಪತ್ತೆಂಟು ಬಂತು. ಡಾಕ್ಟರಿಗೂ ಮೊದಲ ಎರಡು ವರದಿಗಳನ್ನೇ ಕೊಟ್ಟೆ. ಮೂರನೆಯದು ಈ ಲಕೋಟೆಯಲ್ಲಿದೆ. ಸೋಮವಾರ ನೀನೇ ಅವರ ಕೈಗೆ ಕೊಡು.