ನಿನ್ನ ಹೆಸರಿಗೆ ಬಂದ ಕಾಗದ

ಉಬ್ರಾಣಿ
೧೬-೧೧-೨೦೨೫, ಭಾನುವಾರ

ಪ್ರೀತಿಯ ದುರ್ಗಾಂಬಿಕಾಗೆ,

ನಿನ್ನ ಮೇಘಶ್ರೀಯ ನೆನಪುಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಓದಿ ಮುಗಿಸಿದ ಮೇಲೆ ಅದನ್ನು ನೀನೇ ತೀರ್ಮಾನ ಮಾಡು.

ನಿನ್ನ ಕಥೆಯನ್ನು ನಮ್ಮೂರಲ್ಲಿ ಮೊದಲು ಹೇಳಿದವಳು ನಮ್ಮ ಮಹಿಳಾ ಸಂಘದ ಕರಿಯಕ್ಕ. ದೀಪಾವಳಿಗೆ ಜಗಳೂರು ಕಡೆಯ ತವರಿಗೆ ಹೋಗಿದ್ದವಳು, ಹಬ್ಬ ಮುಗಿದ ಗುರುವಾರ ಸಂಘದಲ್ಲಿ ಹೇಳಿದಳು. ಅವಳು ಕಥೆ ಹೇಳುವ ರೀತಿಯೇ ಬೇರೆ. ಎಲೆ ಅಡಿಕೆ ಮುಂದಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ಹನ್ನೆರಡು ಜನರ ನಡುವೆ ಒಬ್ಬಳಿಗೇ ಹೇಳುತ್ತಾಳೆ. ಅವತ್ತು ಆ ಒಬ್ಬಳು ನಾನು. ನನಗಾದದ್ದು ಊರಿಗೆಲ್ಲ ಗೊತ್ತು. ಯಾರೂ ನನ್ನೆದುರು ಎತ್ತುವುದಿಲ್ಲ, ಅಷ್ಟೇ.

ಅವಳು ನಿನ್ನ ಹೆಸರು ಹೇಳಲಿಲ್ಲ. ತವರಿನ ಕಡೆ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರವಾಗಿತ್ತು, ದೂರು ಕೊಟ್ಟಳು, ಆಸ್ಪತ್ರೆಯಲ್ಲಿ ಅವಳ ಬಟ್ಟೆ, ಮೈಮೇಲಿನ ಗುರುತು ಎಲ್ಲ ತೆಗೆದು ಸೀಲ್ ಮಾಡಿದರು, ಆಮೇಲೆ ಸುದ್ದಿಯೇ ಇಲ್ಲ. ಹುಡುಗಿ ಸುಮ್ಮನೆ ಕೂರಲಿಲ್ಲ. ನನ್ನ ಪೊಟ್ಟಣ ಲ್ಯಾಬಿಗೆ ಹೋಯಿತೋ ಇಲ್ಲವೋ, ಹೋಗಿದ್ದರೆ ಯಾವ ತಾರೀಖು, ಪರೀಕ್ಷೆಯಲ್ಲಿ ಏನು ಬಂತು ಎಂದು ಬರೆದು ಠಾಣೆಗೆ ಕೊಟ್ಟಳು. ಉತ್ತರ ಅವಳ ಹೆಸರಿಗೇ ಬಂತು, ಮೊಹರು ಬಿದ್ದ ಕಾಗದದಲ್ಲಿ. ಪೊಟ್ಟಣದಲ್ಲಿ ಸಿಕ್ಕದ್ದಕ್ಕೆ ಆರೋಪಿಯ ಗುರುತು ಹೊಂದಿಕೆಯಾಗಿದೆ ಎಂದು. ಆಸ್ಪತ್ರೆಯಲ್ಲಿ ಸಹಿ ಹಾಕುವ ಮುಂಚೆ ಪ್ರತಿ ಕಾಗದವನ್ನೂ ಮೂರು ಸಲ ಓದಿಸಿಕೊಂಡಿದ್ದಳಂತೆ ಎಂದು ಕರಿಯಕ್ಕ ಸೇರಿಸಿದಾಗ ಅದು ನೀನೇ ಎಂದು ತಿಳಿಯಿತು. ನೊಂದವರನ್ನು ಇರಿಸಿಕೊಳ್ಳುವ ದಾವಣಗೆರೆಯ ಸಖಿ ಕೇಂದ್ರದಲ್ಲಿ ಪಕ್ಕದ ಮಂಚದಲ್ಲಿ ನಾಲ್ಕು ದಿನ ಇದ್ದವಳಿಗೆ ಅಷ್ಟು ಸಾಕು.

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು ದುರ್ಗಾ. ಒಂದೇ ವಾರ, ಒಬ್ಬಳೇ ನರ್ಸಮ್ಮ, ಪೊಟ್ಟಣದ ಸೀಲಿಗೆ ಒಂದೇ ಬಣ್ಣದ ಅರಗು. ನೀನು ಕೊಟ್ಟದ್ದು ಸಂತೆಯಲ್ಲಿ ಕೊಂಡ ನೈಟಿ. ನಾನು ಕೊಟ್ಟದ್ದು ನಾನೇ ಹೊಲಿದ ಹಸಿರು ಚೂಡಿದಾರ, ಕೊರಳಿಗೆ ಎರಡು ದಿನ ಕೂತು ಕಸೂತಿ ಹಾಕಿದ್ದು. ಹದಿನಾಲ್ಕು ತಿಂಗಳಾದರೂ ಅದು ಎಲ್ಲಿದೆ ಎಂದು ನನಗೆ ಗೊತ್ತಿಲ್ಲ. ನಿನ್ನ ನೈಟಿಗೆ ಉತ್ತರ ಬಂದಿದೆ. ಪಕ್ಕದ ಮನೆಯವಳ ಒಡವೆ ನೋಡಿ ಉರಿದುಕೊಳ್ಳುವವರನ್ನು ಕಂಡಿದ್ದೆ. ಇಂಥದ್ದಕ್ಕೂ ಮನುಷ್ಯರು ಉರಿದುಕೊಳ್ಳುತ್ತಾರೆ ಎಂದು ಅವತ್ತು ತಿಳಿಯಿತು.

ಆ ಉರಿಯಲ್ಲೇ ಬಾಯಿಬಿಟ್ಟೆ. ಅವಳ ಹಿಂದೆ ಯಾರೋ ದೊಡ್ಡವರಿರಬೇಕು, ಇಲ್ಲದಿದ್ದರೆ ನಮ್ಮಂಥವರಿಗೆ ಠಾಣೆಯವರು ಕಾಗದ ಬರೆಯುತ್ತಾರೆಯೇ ಎಂದೆ.

ಕರಿಯಕ್ಕ ಎಲೆಗೆ ಸುಣ್ಣ ಸವರುತ್ತ, "ಹಿಂದೆ ಇದ್ದೋಳು ಅವರವ್ವ ಒಬ್ಬಳೇ ಕಣವ್ವ. ಅವಳಿಗೂ ಬಸ್ ಹತ್ತಿದ್ರೆ ವಾಂತಿ. ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದಾಗೆ ನೊಂದೋಳಿಗೆ ತಿಳಿಸಬೇಕು ಅಂತ ಕಾನೂನಿನಾಗೇ ಐತಂತೆ. ಕೇಳಾಕೆ ಬಾಯಿ ಇರಬೇಕು ಅಷ್ಟೇ" ಎಂದಳು.

ಹೆಂಗಸರು ನಕ್ಕರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಎದ್ದು ಬಂದೆ. ಮನೆಯಲ್ಲಿ ಹಾಲೇ ಇರಲಿಲ್ಲ.

ಎರಡು ದಿನದ ಮೇಲೆ ನೀನು ಅರ್ಜಿಯ ಫೋಟೋ ಕಳಿಸಿದೆ. ನೀನೂ ಕೊಡೇ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಎಂದಿದ್ದೆ. ನಾನು ಅಳಿಸಿಬಿಟ್ಟೆ. ನೀನು ಹನ್ನೊಂದು ಸಲ ಫೋನು ಮಾಡಿದೆ, ನಾನು ಎತ್ತಲಿಲ್ಲ. ಹಳ್ಳಿ, ಟವರ್ ಸಿಗುತ್ತಿಲ್ಲ ಅಂದುಕೊಳ್ಳಲಿ ಎಂದುಕೊಂಡೆ. ಟವರ್ ನಮ್ಮ ಹಿತ್ತಲಿನ ಆಚೆಗೇ ಇದೆ.

ಅಳಿಸಿದ ಮೇಲೆ ಅದೇ ಬೇಕೆನಿಸಿತು. ನಿನ್ನನ್ನು ಕೇಳಲು ಮುಖವಿಲ್ಲದೆ ಕರಿಯಕ್ಕನ ಮನೆಗೆ ಹೋದೆ. ಅವಳು ನಿನ್ನ ಅರ್ಜಿಯ ಜೆರಾಕ್ಸ್ ತೆಗೆದು ಕೊಟ್ಟಳು. ನನಗೆಂದೇ ನಿನ್ನ ಹತ್ತಿರ ಕೇಳಿ ತಂದಿದ್ದಳಂತೆ. ನೀನು ಬರೆದ ಹಾಗೆಯೇ ಬರೆದೆ, ಹೆಸರು ಮಾತ್ರ ನನ್ನದು. ಬುಧವಾರ ಒಬ್ಬಳೇ ಬಸ್ ಹತ್ತಿದೆ.

ಠಾಣೆಯ ಪೇದೆ ಓದಿ ನನ್ನನ್ನೇ ನೋಡಿದರು. "ಎರಡು ಸಲ ತಿಳಿಸೀವಲ್ಲಮ್ಮ. ನಿಮ್ಮ ಕಡೆಯೋರು ಬಂದು ಚಾರ್ಜ್‌ಶೀಟು, ಲ್ಯಾಬ್ ರಿಪೋರ್ಟು ಎಲ್ಲ ತಗಂಡು ಹೋಗ್ಯಾರೆ. ಜೂನ್ ತಿಂಗಳಾಗೇ" ಎಂದು ಕಡತವನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು. ಅದರ ಮುಂದೆ ನನ್ನ ತಮ್ಮ ಪ್ರವೀಣನ ಫೋನ್ ನಂಬರು.

ದೂರು ಕೊಟ್ಟ ದಿನ ನಂಬರು ಹೇಳಿ ಅಂದಾಗ ನನ್ನ ಫೋನು ನನ್ನ ಕೈಯಲ್ಲೇ ಇತ್ತು. ನಮ್ಮವ್ವ ಶಂಕ್ರಮ್ಮ, ನಮ್ಮ ಹುಡುಗನದು ಹಾಕ್ರಿ, ಓಡಾಡೋನು ಅವನೇ ಎಂದಳು. ನಾನೂ ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ಗ್ಯಾಸಿಗೆ ಅವನ ನಂಬರು, ರೇಷನ್ನಿಗೆ ಅವನ ನಂಬರು, ನನ್ನ ಹೊಲಿಗೆಯ ದುಡ್ಡು ಬೀಳುವ ಬ್ಯಾಂಕಿಗೂ ಅವನದೇ. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ತೋಚಲಿಲ್ಲ.

ನನ್ನ ಮೈಯ ಸುದ್ದಿ ಐದು ತಿಂಗಳು ಅವನ ಬೈಕಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕಾಗದದ ಕೆಳಗೆ, ಊರೂರು ಸುತ್ತಿದೆ ದುರ್ಗಾ. ನನಗಿಂತ ಮೊದಲು ಅವನು ಓದಿದ್ದಾನೆ. ನಾನು ಬಡಿಸಿದ ಮುದ್ದೆ ಉಣ್ಣುವಾಗಲೆಲ್ಲ ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಿನ್ನ ಮೇಲೆ ಪಟ್ಟ ಹೊಟ್ಟೆಕಿಚ್ಚು ಆ ಕಿಚ್ಚಿನ ಮುಂದೆ ಏನೂ ಅಲ್ಲ.

ಮನೆಗೆ ಬಂದು ಪ್ರವೀಣನನ್ನು ಕೇಳಿದೆ. ಅವನು ಬೈಕಿನ ಕನ್ನಡಿ ಒರೆಸುತ್ತಲೇ, "ಈಗೀಗ ಹೊಟ್ಟೆ ತುಂಬ ಉಣ್ಣಾಕೆ ಹತ್ತಿದ್ದಿ ಅಕ್ಕ. ಹೆಂಗೆ ಹೇಳ್ಲಿ?" ಎಂದ.

"ಒಳ್ಳೇದೋ ಕೆಟ್ಟದ್ದೋ, ಅದು ನಂದು. ನಂದು ನನಗೆ ಕೊಡು" ಎಂದೆ.

ಕೊಟ್ಟ. ಬೈಕಿನ ಡಬ್ಬಿಯಿಂದಲೇ ತೆಗೆದು ಕೊಟ್ಟ. ಅವನನ್ನು ಬೈಯಬೇಡ, ನಂಬರು ಹಾಕಿಸಿದ್ದು ನಾನು ಎಂದು ಅವ್ವ ಬಾಗಿಲಲ್ಲಿ ನಿಂತು ಹೇಳಿದಳು. ನಾನು ಯಾರನ್ನೂ ಬೈಯಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ.

ನಿನ್ನನ್ನು ದೊಡ್ಡವರ ಕಡೆಯವಳು ಎಂದದ್ದಕ್ಕೆ, ಫೋನು ಎತ್ತದ್ದಕ್ಕೆ, ನಿನ್ನ ಅರ್ಜಿ ಅಳಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಇಷ್ಟನ್ನು ಫೋನಿನಲ್ಲಿ ಹೇಳಲು ಆಗುತ್ತಿರಲಿಲ್ಲ. ಕಾಗದ ತಲುಪಿದ ದಿನ ಫೋನು ಮಾಡು. ಒಂದೇ ಸಲಕ್ಕೆ ಎತ್ತುತ್ತೇನೆ.

ಇಂತಿ ನಿನ್ನ ಗೆಳತಿ,
ಮೇಘಶ್ರೀ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ರಿಪೋರ್ಟಿನಲ್ಲಿ ಏನೂ ಪತ್ತೆಯಾಗಿಲ್ಲ. ನೀನು ಅದೇ ದಿನ ಹೋದವಳು. ನಾನು ಹೋದದ್ದು ಮೂರನೆಯ ದಿನ, ಅಷ್ಟರಲ್ಲಿ ಅವ್ವ ನನ್ನ ತಲೆಗೆ ನೀರು ಹಾಕಿ, ಚೂಡಿದಾರ ಒಗೆದು ಒಣಗಿಸಿದ್ದಳು. ಇದೊಂದರಿಂದ ಕೇಸು ಬೀಳುವುದಿಲ್ಲ, ನನ್ನ ಹೇಳಿಕೆ ಗಟ್ಟಿಯಾಗಿದೆ ಎಂದು ಸರ್ಕಾರಿ ವಕೀಲರು ಹೇಳಿದ್ದಾರೆ. ನಿನ್ನ ಕಾಗದ ನೆನೆದರೆ ಈಗಲೂ ಉರಿಯುತ್ತದೆ. ಸುಳ್ಳು ಹೇಳಲಾರೆ.

ಮೊನ್ನೆ ಗುರುವಾರ ಸಂಘದಲ್ಲಿ ಇದನ್ನೆಲ್ಲ ನಾನೇ ಬಾಯಿಬಿಟ್ಟು ಹೇಳಿದೆ. ಮರುದಿನ ಬೆಳಿಗ್ಗೆ ನನ್ನ ನಂಬರು ಬರೆಸಲು ಹೊರಟರೆ ಬಸ್ ಸ್ಟ್ಯಾಂಡಿನಲ್ಲಿ ಸಂಘದ ಏಳು ಹೆಂಗಸರು ನಿಂತಿದ್ದರು. ಸಾವಂತ್ರಮ್ಮ ಎಲ್ಲರಿಗೂ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದಳು. ಠಾಣೆಯಲ್ಲಿ ನನ್ನ ಕೆಲಸ ಮುಗಿಯಿತು. ನನ್ನ ನಂಬರು ಬರೆದ ಕಾಗದಕ್ಕೆ ಮೊಹರು ಹಾಕಿಸಿಕೊಂಡು ಈಚೆ ಬಂದೆ. ಅರವತ್ತು ದಾಟಿದ ಉಡಚಮ್ಮ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು ದುರ್ಗಾ.

ಆಮೇಲೆ ಎದ್ದು ಪೇದೆಯ ಮೇಜಿನ ಮುಂದೆ ಹೋಗಿ ನಿಂತಳು. "ಇಪ್ಪತ್ತೆರಡು ವರುಷದ ಹಿಂದೆ ಇಲ್ಲಿ ನನ್ನದೊಂದು ಸೀರೆ ತಗಂಡಿದ್ರಿ ಕಣಪ್ಪ. ಅದೇನಾತು?" ಎಂದಳು.

ಅವಳಿಗೂ ಹೀಗಾಗಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪೇದೆ ಬಿಳಿ ಹಾಳೆ ಎಳೆದುಕೊಂಡು, ಮಗನ ನಂಬರು ಹೇಳಮ್ಮ ಎಂದರು.

ಮಗನದು ಬೇಡ, ಉಡಚಮ್ಮ ಅಂತ ಬರಿ, ಕಾಗದ ನನ್ನ ಕೈಗೇ ಬರಬೇಕು ಎಂದಳು. ಬರೆದು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.